1554ಕ್ಕೆ ಕರೆ ಮಾಡಿದರೆ ನಾಲೆಗೆ ಹೆಲಿಕಾಪ್ಟರ್ ಬರುತ್ತಾ?

‘ಕೆಆರ್‌ಎಸ್ ಹಿನ್ನೀರು, ವಿ.ಸಿ. ನಾಲೆ, ಸಮುದ್ರ, ಎಲ್ಲೇ ಯಾರಾದರೂ ಮುಳುಗುತ್ತಿದ್ದರೆ 1554ಕ್ಕೆ ಫೋನ್ ಮಾಡಿ, ನೌಕಾಪಡೆಯ ಹೆಲಿಕಾಪ್ಟರ್ ಬರುತ್ತದೆ.’ ಮಂಡ್ಯ, ಮೈಸೂರಿನವರ ವಾಟ್ಸಾಪ್ ಗುಂಪುಗಳಿಗೆ ಬರುವ ಇಂಥ ಸಂದೇಶದಲ್ಲಿ ನಂಬರ್ ನಿಜ, ಉಳಿದದ್ದು ಬಹುತೇಕ ತಪ್ಪು.

1554 ನೌಕಾಪಡೆಯದ್ದಲ್ಲ, ಕೋಸ್ಟ್ ಗಾರ್ಡ್‌ನದ್ದು. ಸಮುದ್ರದಲ್ಲಿ ಅಪಾಯಕ್ಕೆ ಸಿಕ್ಕವರಿಗಾಗಿ ಇರುವ ನಂಬರ್ ಅದು. ಹುಡುಕಾಟಕ್ಕೆ ಮುಂಬೈ, ಚೆನ್ನೈ, ಶ್ರೀ ವಿಜಯಪುರಂನಲ್ಲಿ (ಹಿಂದಿನ ಪೋರ್ಟ್ ಬ್ಲೇರ್) ಮೂರು ಮುಖ್ಯ ಕೇಂದ್ರಗಳಿವೆ. ನಮ್ಮ ಕರಾವಳಿ ಮುಂಬೈ ಕೇಂದ್ರದ ಪಾಲಿಗೆ ಬರುತ್ತದೆ, ಅದರ ಉಪಕೇಂದ್ರ ನವಮಂಗಳೂರಿನಲ್ಲಿದೆ.

ಕೆಲಸ ನಡೆಯುವ ರೀತಿ ಸ್ವಾರಸ್ಯವಾಗಿದೆ. ಹಡಗು ಮುಳುಗುವಾಗ ಅದರ ತುರ್ತು ಬೀಕನ್ 406 ಮೆಗಾಹರ್ಟ್ಜ್‌ನಲ್ಲಿ ಸಂಕೇತ ಕಳಿಸುತ್ತದೆ. ಉಪಗ್ರಹ ಅದನ್ನು ಹಿಡಿದು ಇಸ್ರೋದ ಬೆಂಗಳೂರು ಕೇಂದ್ರಕ್ಕೆ ಮುಟ್ಟಿಸುತ್ತದೆ. ಸಮುದ್ರವೇ ಇಲ್ಲದ ಊರಿಗೆ ಮೊದಲ ಸುದ್ದಿ! ಅಲ್ಲಿಂದ ಕೋಸ್ಟ್ ಗಾರ್ಡ್ ಕೇಂದ್ರಕ್ಕೆ ಮಾಹಿತಿ ಹೋಗುತ್ತದೆ. ಗಾಳಿ, ನೀರಿನ ಸೆಳೆತ ಲೆಕ್ಕ ಹಾಕಿ ಎಲ್ಲಿ ಹುಡುಕಬೇಕು ಅಂತ ಅವರು ತೀರ್ಮಾನಿಸುತ್ತಾರೆ. ಪ್ರತಿ ಸಲ ಅವರದೇ ಹಡಗು ಹೋಗಬೇಕೆಂದಿಲ್ಲ. ಹತ್ತಿರದಲ್ಲಿ ಸರಕು ಹಡಗಿದ್ದರೆ ದಾರಿ ಬದಲಿಸಿ ಹೋಗಲು ಹೇಳುತ್ತಾರೆ. ಕಷ್ಟದಲ್ಲಿದ್ದವರಿಗೆ ನೆರವಾಗುವುದು ಅಂತರರಾಷ್ಟ್ರೀಯ ನಿಯಮದ ಪ್ರಕಾರ ಕ್ಯಾಪ್ಟನ್‌ನ ಕರ್ತವ್ಯ.

ನಾಲೆಗೆ ಈ ವ್ಯವಸ್ಥೆಯಲ್ಲಿ ಜಾಗವಿಲ್ಲ. ಇಲ್ಲಿ 112ಕ್ಕೆ ಕರೆ ಮಾಡಿ. ಪೊಲೀಸರು, ಅಗ್ನಿಶಾಮಕ ದಳದವರು ಬರುತ್ತಾರೆ. ‘ನಾಲೆ ಹತ್ರ’ ಅಂದರೆ ಸಾಲದು, ಪಕ್ಕದ ಊರು, ಸೇತುವೆ ಹೇಳಿ. ಈಜು ಬರದವರು ಸುಮ್ನೆ ನೀರಿಗೆ ಹಾರಬೇಡಿ. ಹಗ್ಗ, ಉದ್ದನೆಯ ಕೋಲು, ಖಾಲಿ ಕ್ಯಾನ್, ಏನು ಸಿಗುತ್ತೋ ಅದನ್ನು ಎಸೆಯಿರಿ.