ಓದೋಕೆ ಕೂರುವ ಮುಂಚೆ, ನಿಲ್ಲಿಸೋ ತಾರೀಖು ಬರೆದಿಡಿ

ಧಾರವಾಡದ ಸಪ್ತಾಪುರ, ಬೆಂಗಳೂರಿನ ವಿಜಯನಗರ, ಚಂದ್ರಾ ಲೇಔಟ್. ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರು ಸರ್ಕಾರಿ ಕೆಲಸದ ಪರೀಕ್ಷೆಗಳಿಗೆ ಓದೋಕೆ ಅಂತ ಬ್ಯಾಗ್ ಹೊತ್ತು ಬಂದಿಳಿಯೋ ಜಾಗಗಳು. ಒಂದು ರೂಮು, ಒಂದು ಮೆಸ್ಸು, ರೀಡಿಂಗ್ ರೂಮಲ್ಲೊಂದು ಸೀಟು. ತಾನೆಂಥವನು, ತನ್ನ ಕೈಲಿ ಏನಾಗುತ್ತೆ ಅಂತ ತಿಳ್ಕೋಬೇಕಾದ ವಯಸ್ಸು ಎಷ್ಟೋ ಜನಕ್ಕೆ ಇಲ್ಲೇ ಕಳೆದುಹೋಗುತ್ತೆ. ಓದೋದು ತಪ್ಪು ಅಂತ ನಾನು ಹೇಳಲ್ಲ. ಆದ್ರೆ ಊರಿಗೆ ಹೋದಾಗ ‘ಇನ್ನ ಎಷ್ಟ್ ವರ್ಷ ಓದ್ತೀಯಪಾ?’ ಅಂತ ಯಾರಾದ್ರೂ ಕೇಳಿದ್ರೆ ಸಿಟ್ಟು ಬರೋದು ಯಾಕೆ? ಉತ್ತರ ನಮ್ಮ ಹತ್ರಾನೂ ಇರಲ್ಲ, ಅದಕ್ಕೆ.

ಐಎಎಸ್, ಐಪಿಎಸ್‌ನಂಥ ಹುದ್ದೆಗಳ ಪರೀಕ್ಷೆಗೆ ಅದನ್ನ ನಡೆಸೋ ಯುಪಿಎಸ್‌ಸಿ (ಕೇಂದ್ರ ಲೋಕಸೇವಾ ಆಯೋಗ) ಒಂದು ಮಿತಿ ಹಾಕಿದೆ. ಸಾಮಾನ್ಯ ವರ್ಗಕ್ಕೆ 32 ವರ್ಷದೊಳಗೆ 6 ಅಟೆಂಪ್ಟ್ (ಪರೀಕ್ಷೆ ಬರೆಯೋ ಅವಕಾಶ), ಒಬಿಸಿಗೆ 35ರೊಳಗೆ 9, ಎಸ್‌ಸಿ ಎಸ್‌ಟಿಗೆ 37ರವರೆಗೆ ಎಷ್ಟಾದರೂ. ಅದು ಆಯೋಗದ ಲೆಕ್ಕ. ನಿಮ್ಮ ಮನೆಯ ಲೆಕ್ಕ ಬೇರೆ. ಅರ್ಜಿ ಹಾಕಿದ್ರೆ ಅಟೆಂಪ್ಟ್ ಹೋಗಲ್ಲ, ಮೊದಲ ಹಂತದ ಪರೀಕ್ಷೆ ಪ್ರಿಲಿಮ್ಸ್‌ನ ಒಂದು ಪೇಪರಿಗೆ ಕೂತ್ರೂ ಹೋಗುತ್ತೆ. ‘ಹೆಂಗಿರುತ್ತೆ ನೋಡ್ಕೊಂಡು ಬರೋಣ’ ಅಂತ ಹೋಗೋರು ಹಳೇ ಪೇಪರ್ ಡೌನ್‌ಲೋಡ್ ಮಾಡ್ಕೊಂಡು, 2 ಗಂಟೆ ಟೈಮರ್ ಇಟ್ಟು, ಮನೇಲೇ ನೋಡಬಹುದು.

ರಾಜ್ಯದ ಪರೀಕ್ಷೆಗಳಲ್ಲಿ ಟೈಮೂ ನಮ್ಮ ಕೈಲಿಲ್ಲ. 545 ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಹುದ್ದೆಗೆ 2021ರ ಅಕ್ಟೋಬರಲ್ಲಿ ಪರೀಕ್ಷೆ ಆಯ್ತು, ಅಕ್ರಮ ಬಯಲಾಗಿ ರದ್ದಾಯ್ತು, ಮರುಪರೀಕ್ಷೆ ನಡೆದಿದ್ದು 2024ರ ಜನವರಿಯಲ್ಲಿ. 2024ರ ಆಗಸ್ಟಿನ ಕೆಎಎಸ್ (ರಾಜ್ಯದ ಆಡಳಿತ ಸೇವೆ) ಪ್ರಿಲಿಮ್ಸ್ ಪ್ರಶ್ನೆಗಳ ಕನ್ನಡ ಅನುವಾದದ ಎಡವಟ್ಟಿನಿಂದ ಡಿಸೆಂಬರಲ್ಲಿ ಮತ್ತೆ ನಡೀತು. ನೋಟಿಫಿಕೇಶನ್ ನಂಬ್ಕೊಂಡು ಬದುಕಿನ ಪ್ಲಾನ್ ಮಾಡಬೇಡಿ ಅನ್ನೋದು ಇದಕ್ಕೇ.

ಹಾಗಾಗಿ ರೂಮಿಗೆ ಅಡ್ವಾನ್ಸ್ ಕೊಡೋ ಮುಂಚೆ ಒಂದು ಹಾಳೇಲಿ ಮೂರು ಸಾಲು ಬರೀರಿ. ಯಾವ ತಾರೀಖಿನವರೆಗೆ ಫುಲ್‌ಟೈಮ್ ಓದ್ತೀನಿ. ಅಷ್ಟರವರೆಗೆ ಬಾಡಿಗೆ, ಮೆಸ್ಸು, ಕೋಚಿಂಗ್, ಪುಸ್ತಕ, ಬಸ್ಸು ಸೇರಿ ಒಟ್ಟು ಎಷ್ಟು ಖರ್ಚು, ಯಾರ ದುಡ್ಡು. ಆ ತಾರೀಖಿಗೆ ಏನಾಗಿದ್ರೆ ಮುಂದುವರಿಸ್ತೀನಿ. ಮೂರನೇ ಸಾಲು ಅಂಕಿಯಲ್ಲೇ ಇರಲಿ: ಪ್ರಿಲಿಮ್ಸ್ ಪಾಸು, ಇಲ್ಲಾ ಕಟ್‌ಆಫ್‌ಗೆ (ಪಾಸಾಗೋಕೆ ಬೇಕಾದ ಕನಿಷ್ಠ ಮಾರ್ಕ್ಸ್‌ಗೆ) ಇಷ್ಟು ಮಾರ್ಕ್ಸ್ ಹತ್ತಿರ. ‘ಚೆನ್ನಾಗಿ ಓದಿದ್ರೆ’ ಅಂತ ಬರೆದ್ರೆ ಉಪಯೋಗ ಇಲ್ಲ. ಆ ಹಾಳೆ ಅಪ್ಪ ಅಮ್ಮನಿಗೂ ತೋರಿಸಿ. ಎರಡು ವರ್ಷ ಅನ್ನೋದು ನನ್ನ ಪ್ರಕಾರ ಸಾಕಷ್ಟು ದೊಡ್ಡ ಅವಧಿ.

ನಿಮ್ಮ ಸ್ವಭಾವ ಗೊತ್ತಾಗೋದು ಮಾಕ್ ಟೆಸ್ಟಲ್ಲಿ, ಅಂದ್ರೆ ಅಭ್ಯಾಸಕ್ಕೆ ಬರೆಯೋ ಪರೀಕ್ಷೇಲಿ; ಬರೋ ಮಾರ್ಕ್ಸ್‌ನಲ್ಲಿ ಅಲ್ಲ, ಉತ್ತರ ಹಾಕೋ ರೀತಿಯಲ್ಲಿ. ಪ್ರತಿ ಪ್ರಶ್ನೆ ಪಕ್ಕ ಪೆನ್ಸಿಲಲ್ಲಿ ಗುರುತು ಹಾಕಿ: ಖಚಿತವಾಗಿ ಗೊತ್ತಿದ್ರೆ 1, ಎರಡು ಆಯ್ಕೇಲಿ ಒಂದು ಅನ್ನಿಸಿದ್ರೆ 2, ಸುಮ್ನೆ ಹೊಡೆದಿದ್ರೆ 3. ಸರಿ ಉತ್ತರದ ಪಟ್ಟಿ ನೋಡಿ ಮೂರನ್ನೂ ಬೇರೆ ಬೇರೆ ಎಣಿಸಿ. ಯುಪಿಎಸ್‌ಸಿ ಪ್ರಿಲಿಮ್ಸ್‌ನ ಜಿಎಸ್ (ಸಾಮಾನ್ಯ ಅಧ್ಯಯನ) ಪೇಪರಲ್ಲಿ ಸರಿಗೆ 2 ಮಾರ್ಕ್ಸ್, ತಪ್ಪಿಗೆ ಅದರ ಮೂರನೇ ಒಂದು ಭಾಗ ಕಡಿತ. ನಾಲ್ಕರಲ್ಲಿ ಒಂದನ್ನ ಕಣ್ಮುಚ್ಚಿ ಹೊಡೆದ್ರೆ ಸರಾಸರಿ ಸಿಗೋದು ಸೊನ್ನೆ. ಎರಡಕ್ಕೆ ಇಳಿಸಿ ಹೊಡೆದ್ರೆ ಪ್ರಶ್ನೆಗೆ ಸರಾಸರಿ 0.67 ಲಾಭ. ಆದರೂ 2ರ ಗುಂಪನ್ನೆಲ್ಲಾ ಹೆದರಿ ಬಿಟ್ಟು ಬರೋರಿದ್ದಾರೆ, 3ರ ಗುಂಪನ್ನೆಲ್ಲಾ ತುಂಬಿ ಬರೋರಿದ್ದಾರೆ. 1ರ ಗುಂಪಲ್ಲೇ ಹೆಚ್ಚು ತಪ್ಪಾಗ್ತಿದ್ರೆ ಅದು ಬೇರೇನೇ ಕಾಯಿಲೆ: ಗೊತ್ತಿಲ್ಲದ್ದನ್ನ ಗೊತ್ತಿದೆ ಅಂದ್ಕೊಂಡಿದೀರಿ. ಇನ್ನೊಂದು ಕ್ಲಾಸಿಗೆ ಸೇರಿದ್ರೆ ಅದು ವಾಸಿಯಾಗಲ್ಲ. ಓದಿದ ಪುಟ ಮುಚ್ಚಿ, ನೆನಪಿಂದ ಬರೆದು ನೋಡಬೇಕು.

ರೀಡಿಂಗ್ ರೂಮಲ್ಲಿ ಕೂತ ಗಂಟೆ ಲೆಕ್ಕಕ್ಕಿಲ್ಲ. ಸ್ಟಾಪ್‌ವಾಚ್ ಇಟ್ಟು, ಮೊಬೈಲ್ ಮುಟ್ಟಿದಾಗ, ಟೀಗೆ ಎದ್ದಾಗ ನಿಲ್ಲಿಸಿ. ಒಂದು ತಿಂಗಳು ವಿಷಯವಾರು ಬರೆದಿಡಿ. ಯಾರೂ ಹೇಳದೆ ಯಾವ ಪುಸ್ತಕ ತೆಗೀತೀರಿ, ಯಾವುದನ್ನ ದಿನಾ ನಾಳೆಗೆ ತಳ್ತೀರಿ ಅನ್ನೋದು ಕಾಣುತ್ತೆ. ಅರ್ಥಶಾಸ್ತ್ರ ತಾನಾಗೇ ಓದಿ, ಆಡಳಿತದ ವಿಷಯ ಮುಟ್ಟೋಕೇ ಬೇಜಾರು ಮಾಡ್ಕೊಳ್ಳೋನು, ತನಗೆ ಅಧಿಕಾರಿಯ ಕೆಲಸ ಬೇಕೋ ಬರೀ ಸರ್ಕಾರಿ ಕಾರು ಬೇಕೋ ಅಂತ ಕೇಳ್ಕೊಳ್ಳೋದು ಒಳ್ಳೇದು.

ಜೊತೆಗೆ ಕೈಗೆ ಸಿಗೋ ಒಂದು ವಿದ್ಯೆ ಇರಲಿ. ಟೈಪಿಂಗ್ ಅಂದ್ರೆ ಮೂಗು ಮುರೀತಾರೆ. ಕೋರ್ಟಿನ ಬೆರಳಚ್ಚುಗಾರ ಹುದ್ದೆಗೆ ಸೀನಿಯರ್ ಟೈಪಿಂಗ್ ಸರ್ಟಿಫಿಕೇಟು ಕೇಳ್ತಾರೆ ಅನ್ನೋದು ನೆನಪಿರಲಿ. ಬಿ.ಎಡ್. ಎರಡು ವರ್ಷದ್ದು, ಕ್ಲಾಸಿಗೆ ಹೋಗಲೇಬೇಕು, ಹಾಗಾಗಿ ಓದಿನ ಜೊತೆ ಸುಲಭವಾಗಿ ನಡೆಯುತ್ತೆ ಅಂದ್ಕೋಬೇಡಿ.

ಹೆಣ್ಮಕ್ಕಳ ವಿಷಯಕ್ಕೆ ಬಂದ್ರೆ ತಾರೀಖನ್ನ ಬೇರೆಯವರೇ ಇಟ್ಟಿರ್ತಾರೆ. ‘ಒಂದು ವರ್ಷ ನೋಡು, ಆಮೇಲೆ ಗಂಡು ನೋಡ್ತೀವಿ.’ ತಮ್ಮನಿಗೆ ನಾಲ್ಕು ವರ್ಷ, ಅಕ್ಕನಿಗೆ ಒಂದು. ಮನೆಯಲ್ಲಿ ಮಾತಾಡೋವಾಗ ಆ ಹಾಳೆ ಇಲ್ಲೂ ಕೆಲಸಕ್ಕೆ ಬರುತ್ತೆ. ‘ಇನ್ನೊಂದು ಚಾನ್ಸ್ ಕೊಡಿ ಅಪ್ಪಾ’ ಅನ್ನೋದಕ್ಕಿಂತ ‘ಈ ಮೇ ತಿಂಗಳಲ್ಲಿ ಇಷ್ಟು ಮಾರ್ಕ್ಸ್ ಬಂದಿತ್ತು, ಕಟ್‌ಆಫ್ ಇಷ್ಟು, ಮುಂದಿನ ಮೇ ತಿಂಗಳವರೆಗೆ ಖರ್ಚು ಇಷ್ಟು’ ಅಂದ್ರೆ ಇಲ್ಲ ಅನ್ನೋರಿಗೂ ಕಾರಣ ಹುಡುಕಬೇಕಾಗುತ್ತೆ.

ತಾರೀಖು ಬಂತು, ಮೂರನೇ ಸಾಲು ಆಗಲಿಲ್ಲ ಅಂದ್ರೆ ರೂಮು ಖಾಲಿ ಮಾಡಿ. ಪುಸ್ತಕ ಮಾರಬೇಕಿಲ್ಲ. ಎಸ್‌ಡಿಎ (ಸರ್ಕಾರಿ ಕಚೇರಿಯ ದ್ವಿತೀಯ ದರ್ಜೆ ಸಹಾಯಕ) ಆಗಿಯೋ ಬ್ಯಾಂಕಲ್ಲೋ ಖಾಸಗಿ ಕಂಪನೀಲೋ ಕೆಲಸ ಮಾಡ್ತಾ ಬೆಳಿಗ್ಗೆ ಎರಡು ಗಂಟೆ ಓದಿ ಅಟೆಂಪ್ಟ್ ಮುಂದುವರಿಸೋರು ಬೇಕಾದಷ್ಟಿದ್ದಾರೆ, ಮತ್ತು ಆ ಓದಿನ ಖರ್ಚು ಅವರ ಸಂಬಳದಿಂದಲೇ ಹೋಗುತ್ತೆ.