ಹಿರಿಯರ ಸೇವಾ ಸಂಸ್ಥೆಗಳು ಒಂದೇ ಒಕ್ಕೂಟಕ್ಕೆ ಸೇರಬೇಕೇ?

ಪರ

ಮುಪ್ಪಿನ ಕಷ್ಟಗಳು ಒಂದಕ್ಕೊಂದು ಹೆಣೆದುಕೊಂಡೇ ಬರುತ್ತವೆ. ನೆರವಿಗೆ ನಿಂತ ಸಂಸ್ಥೆಗಳು ಮಾತ್ರ ಬೇರೆ ಬೇರೆಯಾಗಿ ಉಳಿದಿವೆ. ಎಂಬತ್ತು ದಾಟಿದ ಒಬ್ಬರು ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ, ಆಸ್ಪತ್ರೆಯಿಂದ ಮನೆಗೆ ಮರಳಿದ ದಿನದಿಂದಲೇ ಅವರಿಗೆ ಊಟ ತಲುಪಿಸುವವರು, ವ್ಯಾಯಾಮ ಮಾಡಿಸುವವರು, ಗೋಡೆಗೆ ಹಿಡಿಕೆ ಕೂರಿಸಿಕೊಡುವವರು, ಪಿಂಚಣಿಯ ಕಾಗದಪತ್ರ ನೋಡುವವರು, ಸುಮ್ಮನೆ ಪಕ್ಕದಲ್ಲಿ ಕುಳಿತು ಮಾತನಾಡುವವರು ಎಲ್ಲರೂ ಬೇಕು. ಈ ಐದು ಕೆಲಸಗಳನ್ನು ಪರಸ್ಪರ ಪರಿಚಯವಿಲ್ಲದ ಐದು ಸಂಸ್ಥೆಗಳು ಮಾಡುತ್ತಿದ್ದರೆ, ಅವನ್ನು ಹೊಂದಿಸುವ ಹೊಣೆ ಹಾಸಿಗೆ ಹಿಡಿದವರ ತಲೆಯ ಮೇಲೆಯೇ ಬೀಳುತ್ತದೆ. ಐದು ಅರ್ಜಿಗಳನ್ನು ತುಂಬಬೇಕು, ಬಿದ್ದ ಕಥೆಯನ್ನು ಐದು ಸಲ ಹೇಳಬೇಕು.

2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹೊರತಂದ ಹಿರಿಯರ ಸಮಗ್ರ ಆರೈಕೆಯ ಮಾರ್ಗಸೂಚಿಯ ಹಿಂದೆಯೂ ಇದೇ ತಿಳಿವಳಿಕೆಯಿದೆ. ನಡೆದಾಟ, ಪೋಷಣೆ, ದೃಷ್ಟಿ, ಶ್ರವಣ, ನೆನಪು, ಮನಃಸ್ಥಿತಿ ಇವುಗಳನ್ನು ಒಟ್ಟಿಗೆ ನೋಡಬೇಕು. ಏಕೆಂದರೆ ಕಿವಿ ಮಂದವಾದವರು ಮಾತು ಕಡಿಮೆ ಮಾಡುತ್ತಾರೆ, ಮಾತು ಕಡಿಮೆಯಾದ ಮೇಲೆ ಹೊರಗೆ ಹೋಗುವುದನ್ನು ಬಿಡುತ್ತಾರೆ, ನಡೆಯುವುದು ನಿಂತ ಮೇಲೆ ಕಾಲಿನ ಬಲವೂ ಕುಗ್ಗುತ್ತದೆ. ಕಣ್ಣಿನ ಶಿಬಿರ ನಡೆಸುವ ಸಂಸ್ಥೆಗೆ ಈ ಸರಪಳಿಯ ಒಂದು ಕೊಂಡಿಯಷ್ಟೇ ಕಾಣುತ್ತದೆ. 2030ರ ವೇಳೆಗೆ ಜಗತ್ತಿನ ಪ್ರತಿ ಆರು ಜನರಲ್ಲಿ ಒಬ್ಬರು 60 ವರ್ಷ ಅಥವಾ ಅದಕ್ಕೂ ಹೆಚ್ಚಿನ ವಯಸ್ಸಿನವರಾಗಿರುತ್ತಾರೆ ಎಂಬ ಅಂದಾಜಿರುವಾಗ, ಒಂದೊಂದು ಸಂಸ್ಥೆಯೂ ಎಲ್ಲವನ್ನೂ ತಾನೇ ಕಲಿಯಲಿ ಎನ್ನುವುದು ದುಬಾರಿ ಹಟ.

ಇನ್ನು ದನಿಯ ಮಾತು. 1983ರಲ್ಲಿ ಐದು ದೇಶಗಳ ಸಂಸ್ಥೆಗಳು ಕೂಡಿ ಹೆಲ್ಪ್‌ಏಜ್ ಇಂಟರ್‌ನ್ಯಾಷನಲ್ ಎಂಬ, ಹಿರಿಯರಿಗಾಗಿ ದುಡಿಯುವ ಸಂಸ್ಥೆಗಳ ಜಾಗತಿಕ ಜಾಲವನ್ನು ಕಟ್ಟಿದವು. 2011ರಲ್ಲಿ ಹಿರಿಯರ ಹಕ್ಕುಗಳಿಗಾಗಿಯೇ ಒಂದು ಜಾಗತಿಕ ಮೈತ್ರಿಕೂಟ ಹುಟ್ಟಿತು. ಹಿರಿಯರ ಹಕ್ಕುಗಳ ಬಗ್ಗೆ ದೇಶಗಳನ್ನು ಕಟ್ಟಿಹಾಕಬಲ್ಲ ಒಪ್ಪಂದದ ಕರಡು ರಚನೆಗೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯು 2025ರ ಏಪ್ರಿಲ್‌ನಲ್ಲಿ ಕಾರ್ಯತಂಡವೊಂದನ್ನು ರಚಿಸಿತು. ಹತ್ತಾರು ದೇಶಗಳ ಸಂಸ್ಥೆಗಳು ವರ್ಷಗಟ್ಟಲೆ ಒಂದೇ ಬೇಡಿಕೆ ಇಡದಿದ್ದರೆ ಸಂಗತಿ ಅಲ್ಲಿಯವರೆಗೆ ಮುಟ್ಟುತ್ತಿರಲಿಲ್ಲ.

ವಿರೋಧ

ಒಕ್ಕೂಟದ ಖರ್ಚನ್ನು ಯಾರು ಹೊರುತ್ತಾರೆ ಎಂಬ ಪ್ರಶ್ನೆಯನ್ನು ಪರವಾದಿಗಳು ಜಾಣತನದಿಂದ ದಾಟಿಬಿಡುತ್ತಾರೆ. ಮೂವರು ಸಿಬ್ಬಂದಿಯ ಸಂಸ್ಥೆಯಲ್ಲಿ ಒಬ್ಬರು ಸಮನ್ವಯ ಸಭೆಗೆ ಹೋದರೆ ಆ ದಿನದ ಮನೆಭೇಟಿಗಳಲ್ಲಿ ಮೂರನೆಯ ಒಂದು ಪಾಲು ತಪ್ಪಿತೆಂದೇ ಅರ್ಥ. ಮೂವತ್ತು ಜನರ ಸಂಸ್ಥೆಗೆ ಆ ಸಭೆ ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ಅಧ್ಯಕ್ಷತೆಯೂ ಅನುದಾನದ ಅರ್ಜಿಯೂ ಕೊನೆಗೆ ಅವರ ಕೈಯಲ್ಲೇ ಉಳಿಯುತ್ತವೆ. ನಿನ್ನೆಯವರೆಗೆ ಅದೇ ದಾನಿಯ ಬಾಗಿಲಲ್ಲಿ ಸ್ಪರ್ಧಿಗಳಾಗಿದ್ದವರು ಇಂದು ಪಾಲುದಾರರೆಂದು ಸಹಿ ಹಾಕಿದ ಮಾತ್ರಕ್ಕೆ ಸ್ಪರ್ಧೆ ನಿಲ್ಲುವುದಿಲ್ಲ.

ಅದಕ್ಕಿಂತ ಮುಖ್ಯವಾದದ್ದು, ಒಕ್ಕೂಟದಿಂದ ಒಬ್ಬ ಹೊಸ ಆರೈಕೆದಾರರೂ ಹುಟ್ಟುವುದಿಲ್ಲ. ಊಟದ ಸಂಸ್ಥೆಯು ಹಿರಿಯರೊಬ್ಬರನ್ನು ವ್ಯಾಯಾಮದ ಸಂಸ್ಥೆಗೆ ಶಿಫಾರಸು ಮಾಡುತ್ತದೆ. ಅಲ್ಲಿ ಕಾಯುವವರ ಪಟ್ಟಿ ಮೊದಲೇ ಉದ್ದವಾಗಿರುತ್ತದೆ. ವರ್ಷದ ಕೊನೆಗೆ ಎರಡೂ ಸಂಸ್ಥೆಗಳ ವರದಿಯಲ್ಲಿ ಅವರ ಹೆಸರು ಫಲಾನುಭವಿಯೆಂದು ಸೇರುತ್ತದೆ, ಕಾಲು ಮಾತ್ರ ಹಾಗೆಯೇ ಇರುತ್ತದೆ.

ಒಕ್ಕೂಟದ ಸಂಸ್ಥೆಗಳು ಹಿರಿಯರ ದಾಖಲೆಗಳನ್ನು ತಮ್ಮೊಳಗೆ ಹಂಚಿಕೊಳ್ಳುವ ವಿಷಯದಲ್ಲಂತೂ ಉತ್ಸಾಹಕ್ಕಿಂತ ಭಯವೇ ಹೆಚ್ಚಿರಬೇಕು. 60 ದಾಟಿದ ಆರು ಜನರಲ್ಲಿ ಸುಮಾರು ಒಬ್ಬರು ಒಂದು ವರ್ಷದಲ್ಲಿ ಯಾವುದಾದರೊಂದು ಬಗೆಯ ದೌರ್ಜನ್ಯಕ್ಕೆ ಗುರಿಯಾಗುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಹಿಂಸಿಸುವವರು ಎಷ್ಟೋ ಸಲ ಮನೆಯವರೇ. ಮಗ ಹಣ ಕಿತ್ತುಕೊಳ್ಳುತ್ತಾನೆಂದು ತಾಯಿಯೊಬ್ಬರು ಎರಡು ವರ್ಷದಿಂದ ಬರುತ್ತಿರುವ ಸ್ವಯಂಸೇವಕಿಗೆ ಪಿಸುಗುಟ್ಟಿದ್ದು ಐದು ಕಚೇರಿಗಳ ಗಣಕಯಂತ್ರಗಳಲ್ಲಿ ಕಾಣತೊಡಗಿದರೆ, ಅದು ಮಗನ ಕಿವಿಗೂ ಬೀಳಬಹುದು. ಆಮೇಲೆ ಆ ತಾಯಿ ಯಾರಿಗೂ ಏನೂ ಹೇಳಲಾರರು. ಮರೆವಿನ ಕಾಯಿಲೆ ಇರುವವರಿಂದ ಪಡೆದ ಒಪ್ಪಿಗೆಯ ಪ್ರಶ್ನೆ ಇನ್ನೂ ಜಟಿಲ: ಇಂದು ತಲೆಯಾಡಿಸಿದವರು ನಾಳೆ ಯಾವುದಕ್ಕೆ ತಲೆಯಾಡಿಸಿದೆವೆಂದು ನೆನಪಿಟ್ಟಿರಲಿಕ್ಕಿಲ್ಲ.

ಜಾಗತಿಕ ಒಪ್ಪಂದದ ಉದಾಹರಣೆಯನ್ನೂ ಪೂರ್ತಿ ಓದಬೇಕು. ವಿಶ್ವಸಂಸ್ಥೆಯಲ್ಲಿ ಈ ಚರ್ಚೆಗೆ ಮೊದಲ ಕಾರ್ಯತಂಡ ರಚನೆಯಾದದ್ದು 2010ರಲ್ಲಿ. ಕರಡು ಬರೆಯಲು ಒಪ್ಪಿದ್ದು 2025ರಲ್ಲಿ. 2010ರಲ್ಲಿ ಎಪ್ಪತ್ತೈದು ವರ್ಷವಾಗಿದ್ದವರು ಬದುಕಿದ್ದರೆ 2025ಕ್ಕೆ ತೊಂಬತ್ತು. ಹಕ್ಕೊತ್ತಾಯಕ್ಕೆ ಒಕ್ಕೂಟ ಬೇಕೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಕ್ಕೊತ್ತಾಯದ ಅಳತೆಗೋಲಿನಿಂದ ದಿನನಿತ್ಯದ ಸೇವೆಯನ್ನು ಅಳೆಯಲಾಗದು. ಆಸ್ಪತ್ರೆಯಿಂದ ಯಾರು ಯಾವಾಗ ಮನೆಗೆ ಹೋಗುತ್ತಾರೆಂದು ತಿಳಿದ ಒಂದು ಸಂಸ್ಥೆಯೂ ಅದೇ ಸಂಜೆ ಊಟ ಕೊಡಬಲ್ಲ ಇನ್ನೊಂದು ಸಂಸ್ಥೆಯೂ ಒಂದು ಪುಟದ ಕರಾರು ಮಾಡಿಕೊಳ್ಳಲಿ. ಅದರಲ್ಲಿ ವಿಳಾಸ, ದಿನ, ಆಹಾರದ ಪಥ್ಯ ಇಷ್ಟೇ ಇರಲಿ. ಆರು ತಿಂಗಳಿಗೆ ಕರಾರು ತಾನಾಗಿ ಮುಗಿಯಲಿ. ಮುಂದುವರಿಸಬೇಕೋ ಬೇಡವೋ ಎಂಬುದನ್ನು ಊಟ ತಲುಪಿದ ಮನೆಯವರನ್ನು ಕೇಳಿ ತೀರ್ಮಾನಿಸಬಹುದು.