ಸತ್ಯಾಂಶ: ಕಾಪಿ-ಪೇಸ್ಟ್ ಮಾಡಿದರೆ ಫೋಟೋ ಭದ್ರವಾಗುತ್ತಾ?

"ನಾಳೆಯಿಂದ ಫೇಸ್‌ಬುಕ್‌ನಲ್ಲಿ ಹೊಸ ನಿಯಮ. ನನ್ನ ಫೋಟೋ ಬಳಸಲು ಅನುಮತಿ ಇಲ್ಲ. ಕಾಪಿ ಮಾಡಿ ಹಾಕಿ." ಈ ಮೆಸೇಜ್ 2012ರಿಂದಲೂ ಸುತ್ತುತ್ತಿದೆ. ಆ 'ನಾಳೆ' ಮಾತ್ರ ಇನ್ನೂ ಬಂದಿಲ್ಲ! ಖಾತೆ ತೆರೆಯುವಾಗಲೇ ನಾವು ಷರತ್ತುಗಳಿಗೆ ಒಪ್ಪಿರುತ್ತೇವೆ. ಆಮೇಲೆ ಸುಮ್ನೆ ಒಂದು ಪೋಸ್ಟ್ ಹಾಕಿದರೆ ಅವು ಬದಲಾಗುವುದಿಲ್ಲ.

ಕೆಲಸಕ್ಕೆ ಬರುವುದು ಸೆಟ್ಟಿಂಗ್ಸ್. ಮದುವೆ ಊಟದಲ್ಲಿ ನೀವು ಬಾಯಿ ತುಂಬ ಹೋಳಿಗೆ ಇಟ್ಟುಕೊಂಡಿರುವ ಫೋಟೋ ಹಾಕಿ ಚಿಕ್ಕಮ್ಮ ನಿಮ್ಮನ್ನು ಟ್ಯಾಗ್ ಮಾಡಿದರು ಅನ್ನಿ. 'ಪ್ರೊಫೈಲ್ ಮತ್ತು ಟ್ಯಾಗಿಂಗ್' ವಿಭಾಗದಲ್ಲಿ ರಿವ್ಯೂ ಆನ್ ಮಾಡಿದ್ದರೆ, ನೀವು ಒಪ್ಪುವವರೆಗೆ ಅದು ನಿಮ್ಮ ಪ್ರೊಫೈಲ್‌ನಲ್ಲಿ ಕಾಣಿಸುವುದಿಲ್ಲ. ಆದರೆ ಚಿಕ್ಕಮ್ಮನ ಪ್ರೊಫೈಲ್‌ನಲ್ಲಿ ಇದ್ದೇ ಇರುತ್ತದೆ. ಟ್ಯಾಗ್ ತೆಗೆದರೂ ಅಷ್ಟೇ. ಫೋಟೋನೇ ಹೋಗಬೇಕಾದರೆ ಮೊದಲು ಅವರಿಗೇ ಫೋನ್ ಮಾಡಿ ಕೇಳಿಕೊಳ್ಳಬೇಕು.